ಜಿಮ್ಮಿನ ಮೊದಲ ಎಂಟು ವಾರ

ಕೇಣಿಯ ಹುಡುಗನೊಬ್ಬ ಹತ್ತನೇ ತರಗತಿ ಮುಗಿಸಿ, ಅಂಕೋಲೆ ಪೇಟೆಯ ಜಿಮ್ಮಿಗೆ ಸೇರುತ್ತೇನೆ ಎಂದರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. "ನನ್ನ ಸಂಗ್ತಿಗೆ ದೋಣಿ ದೂಡೂಕೆ ಬಾ, ಅದೇ ಜಿಮ್ಮು" ಎನ್ನುವುದು ಅಪ್ಪನ ಮಾತು. "ಭಾರ ಎತ್ತಿ ಎದೆಗೆ ಏನಾರೂ ಆದ್ರೆ?" ಎನ್ನುವುದು ಅಮ್ಮನ ಮಾತು. ಎರಡರಲ್ಲೂ ಅರ್ಥವಿದೆ. ಎರಡಕ್ಕೂ ಉತ್ತರವೂ ಇದೆ. ಆದರೆ ಆ ಹುಡುಗನನ್ನು ನಿಜವಾಗಿ ಕಾಡುತ್ತಿರುವುದು ಮೂರನೆಯದೊಂದು. ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ: "ಅಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಾರೆ."

ಮೊದಲು ಅಪ್ಪನ ಮಾತು. ಕಾರವಾರ, ಅಂಕೋಲೆಯ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಮೈಯ ಶಕ್ತಿಯನ್ನು ಯಾರೂ ಬೇರೆಯಾಗಿ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಹತ್ತಾರು ಜನ ಸಾಲಾಗಿ ನಿಂತು ಬಂಗಡೆ, ತಾರ್ಲೆ ತುಂಬಿದ ಬಲೆಯನ್ನು ದಡಕ್ಕೆ ತರುತ್ತಿದ್ದರು. ಹೊಸಬ ಹಗ್ಗದ ಹಿಂತುದಿ ಹಿಡಿಯುತ್ತಿದ್ದ. ಕಾಲು ಮರಳಿನಲ್ಲಿ ಹೇಗೆ ಊರಬೇಕು, ಯಾವಾಗ ಎಳೆಯಬೇಕು, ಯಾವಾಗ ಸಡಿಲ ಬಿಡಬೇಕು ಎಂಬುದನ್ನು ಮುಂದಿನವನ ಬೆನ್ನು ನೋಡಿಯೇ ಕಲಿಯುತ್ತಿದ್ದ. ಅವನು ಎಷ್ಟು ಎಳೆದ ಎಂದು ಯಾರೂ ತೂಗಿ ನೋಡುತ್ತಿರಲಿಲ್ಲ. 1970ರ ದಶಕದಲ್ಲಿ ಯಂತ್ರಚಾಲಿತ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಇಳಿಮುಖವಾಯಿತು. ಮಕ್ಕಳು ಕಾಲೇಜಿಗೆ, ಕಂಪ್ಯೂಟರಿಗೆ ಹೋದರು. ಅದು ಒಳ್ಳೆಯದೇ. ಆದರೆ ಕೆಲಸದ ಜತೆಗೇ ಬರುತ್ತಿದ್ದ ಬಲವನ್ನು ಈಗ ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ, ಕನ್ನಡಿ ಹಾಕಿದ ಕೋಣೆಯಲ್ಲಿ, ಅಪರಿಚಿತರ ಎದುರು ಗಳಿಸಬೇಕಾಗಿದೆ. ಹಾಗಾಗಿ "ದೋಣಿ ದೂಡು" ಎನ್ನುವ ಅಪ್ಪನಿಗೆ ನನ್ನ ಉತ್ತರ ಇಷ್ಟು: ನಿಮ್ಮ ಹಿರಿಯರು ಹಗ್ಗದ ಹಿಂತುದಿಯಿಂದ ಶುರು ಮಾಡಿದವರು. ಮಗನಿಗೂ ಅಂಥದೇ ಒಂದು ಜಾಗ ಬೇಕು.

ಅಮ್ಮನ ಮಾತಿಗೆ ಕಾರಣ ನಮ್ಮೆಲ್ಲರ ನೆನಪಿನಲ್ಲಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ಬಳಿಕ ಅಸ್ವಸ್ಥರಾಗಿ, 46ನೇ ವಯಸ್ಸಿಗೆ ಹೃದಯಸ್ತಂಭನದಿಂದ ತೀರಿಕೊಂಡರು. ಅಂದಿನಿಂದ ಕನ್ನಡದ ಎಷ್ಟೋ ಮನೆಗಳಲ್ಲಿ ಜಿಮ್ಮು ಮತ್ತು ಎದೆನೋವು ಒಂದೇ ಉಸಿರಿನಲ್ಲಿ ಬರುತ್ತವೆ. ಭಯವನ್ನು ಬದಿಗೆ ತಳ್ಳುವುದು ಬೇಡ, ಅದನ್ನು ಪ್ರಶ್ನೆಗಳಾಗಿ ಬದಲಿಸಿಕೊಳ್ಳೋಣ. ಹದಿಹರೆಯದವರಲ್ಲಿ ವ್ಯಾಯಾಮದ ವೇಳೆ ಹೃದಯ ನಿಲ್ಲುವುದು ತೀರಾ ಅಪರೂಪ. ನಿಂತಾಗಲೂ ಹಿಂದೆ ಹೆಚ್ಚಾಗಿ ಇರುವುದು ಹುಟ್ಟಿನಿಂದ ಬಂದ ಹೃದಯಸ್ನಾಯುವಿನ ದೋಷ ಅಥವಾ ಬಡಿತದ ದೋಷ. ಆದ್ದರಿಂದ ಸೇರಿಸುವ ಮೊದಲು ಮನೆಯಲ್ಲೇ ಕೇಳಿಕೊಳ್ಳಿ. ಆಟ ಆಡುವಾಗ, ಓಡುವಾಗ ಮಗು ಎಂದಾದರೂ ಎಚ್ಚರ ತಪ್ಪಿ ಬಿದ್ದಿದೆಯೇ? ಓಡಿದಾಗ ಎದೆ ಹಿಡಿದಂತಾಗುತ್ತದೆಯೇ? ಜತೆಯವರಿಗಿಂತ ಬೇಗ ಏದುಸಿರು ಬರುತ್ತದೆಯೇ? ತಂದೆಯ ಅಥವಾ ತಾಯಿಯ ಕಡೆ ಯಾರಾದರೂ 50 ವರ್ಷಕ್ಕೆ ಮೊದಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಒಂದಕ್ಕಾದರೂ ಹೌದು ಎಂದಾದರೆ ಮೊದಲು ವೈದ್ಯರ ಬಳಿ ಹೋಗಿ, ಇಸಿಜಿ ಮಾಡಿಸಿ. ಅಂಕೋಲೆಯ ತಾಲ್ಲೂಕು ಆಸ್ಪತ್ರೆ ಹತ್ತಿರದಲ್ಲೇ ಇದೆ, ಹೆಚ್ಚಿನ ತಪಾಸಣೆಗೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಎಲ್ಲದಕ್ಕೂ ಇಲ್ಲ ಎಂದಾದರೆ, ಹಗುರವಾಗಿ ಶುರುವಾಗುವ ವ್ಯಾಯಾಮ ಆ ಹೃದಯಕ್ಕೆ ಒಳ್ಳೆಯದನ್ನೇ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಹೇಳುತ್ತದೆ. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿಯಾಗುವ ಚಟುವಟಿಕೆ ಅದರಲ್ಲಿ ಸೇರಿರಬೇಕು ಎನ್ನುತ್ತದೆ.

ಇನ್ನು ಮಗುವಿನ ಬಾಯಿಂದ ಬಾರದ ಆ ಮೂರನೆಯ ಮಾತು. ನಾಚಿಕೆಯ ಬಗ್ಗೆ ನಾವು ದೊಡ್ಡವರು ತುಂಬ ಸಡಿಲವಾಗಿ ಮಾತಾಡುತ್ತೇವೆ. "ಅದಕ್ಕೆಲ್ಲ ನಾಚಿಕೊಳ್ಳೂದ್ ಎಂತಕೆ?" ಎಂದುಬಿಡುತ್ತೇವೆ. ಮಗುವಿಗೆ ಅದು ಪೂರ್ತಿ ನಿಜವಾದ ಅನುಭವ. ಹೊಸ ಜಾಗ, ಹೆಸರು ಗೊತ್ತಿಲ್ಲದ ಯಂತ್ರಗಳು, ಪಕ್ಕದಲ್ಲಿ ಐದು ವರ್ಷದಿಂದ ಭಾರ ಎತ್ತುತ್ತಿರುವ ಅಣ್ಣ, ಎದುರಿಗೆ ಕನ್ನಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರದ ಅಂಗಿ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ತನ್ನ ಅಂಗಿ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ. ಜಿಮ್ಮಿನಲ್ಲೂ ಹೀಗೆಯೇ. ಬಹುಪಾಲು ಜನ ತಮ್ಮ ತೋಳನ್ನು, ತಮ್ಮ ಎಣಿಕೆಯನ್ನು ನೋಡಿಕೊಳ್ಳುತ್ತಿರುತ್ತಾರೆ. ಇದನ್ನು ಮಗುವಿಗೆ ಒಮ್ಮೆ ಸಮಾಧಾನದಿಂದ ಹೇಳಿ. ಆದರೆ ಹೇಳಿದ ಮಾತ್ರಕ್ಕೆ ಧೈರ್ಯ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಯಾಕೆಂದರೆ ಧೈರ್ಯ ಬರುವ ದಾರಿ ಬೇರೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದನ್ನು ವಿವರಿಸಿದರು. 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ಅವರು ನಾಲ್ಕು ಮೂಲ ಗುರುತಿಸಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಮುಗಿಸಿದ ಕೆಲಸ. ಅದರ ನಂತರ ತನ್ನಂಥವನೇ ಒಬ್ಬ ಮಾಡಿದ್ದನ್ನು ಕಣ್ಣಾರೆ ಕಂಡದ್ದು. ಆಮೇಲೆ ನಂಬಿದವರ ಮಾತು. ಕೊನೆಯದು, ತನ್ನ ಮೈಯ ಸೂಚನೆಗಳನ್ನು ತಾನು ಹೇಗೆ ಓದಿಕೊಳ್ಳುತ್ತೇನೆ ಎಂಬುದು. ಎದೆ ಡವಡವ ಎಂದಾಗ ಒಬ್ಬ ಅದನ್ನು ಸೋಲಿನ ಗುರುತೆಂದುಕೊಳ್ಳುತ್ತಾನೆ, ಇನ್ನೊಬ್ಬ ಮೈ ಬಿಸಿಯಾಗುತ್ತಿದೆ ಎಂದುಕೊಳ್ಳುತ್ತಾನೆ. ನಾವು ಪೋಷಕರು ಸಾಮಾನ್ಯವಾಗಿ ಮೂರನೆಯ ಮೂಲವೊಂದನ್ನೇ ಬಳಸುತ್ತೇವೆ, ಬರೀ ಮಾತು. ಮೊದಲ ಮೂಲಕ್ಕೆ ಜಾಗ ಮಾಡಿಕೊಟ್ಟರೆ ಮಾತು ಹೆಚ್ಚು ಬೇಕಾಗುವುದಿಲ್ಲ.

ಈಗ ಈ ಬರಹದ ತಲೆಬರಹಕ್ಕೆ ಬರುತ್ತೇನೆ. ಹೊಸದಾಗಿ ವ್ಯಾಯಾಮ ಆರಂಭಿಸಿದವರ ಬಲ ಮೊದಲ ಆರೆಂಟು ವಾರಗಳಲ್ಲಿ ಸಾಕಷ್ಟು ಏರುತ್ತದೆ. ಸ್ನಾಯುವಿನ ಗಾತ್ರ ಮಾತ್ರ ಹೆಚ್ಚು ಬದಲಾಗಿರುವುದಿಲ್ಲ. ಆ ಏರಿಕೆಯ ಹೆಚ್ಚಿನ ಪಾಲು ನರಗಳದ್ದು. ಇರುವ ಸ್ನಾಯುವಿನ ಎಳೆಗಳನ್ನೇ ಮೆದುಳು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹೊಂದಾಣಿಕೆಯಿಂದ ಕೆಲಸಕ್ಕೆ ಕರೆಯಲು ಕಲಿಯುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಇನ್ನೂ ಸ್ಪಷ್ಟ. ಅಂದರೆ ಎರಡು ತಿಂಗಳ ಕಾಲ ಮಗುವಿನ ಶಕ್ತಿ ಬೆಳೆಯುತ್ತಲೇ ಇರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಎಷ್ಟೋ ಮಕ್ಕಳು ಬಿಟ್ಟುಬಿಡುವುದು ಇದೇ ಹೊತ್ತಿಗೆ. ತೋಳಿಗೆ ಟೇಪು ಸುತ್ತಿ ಅಳೆದು, ಬದಲಾವಣೆ ಇಲ್ಲ ಎಂದು ಕೈಬಿಡುತ್ತಾರೆ. ನಿಜವಾಗಿ ಬೆಳೆದದ್ದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಅದನ್ನು ಕಾಣಿಸಲು ಒಂದು ಚಿಕ್ಕ ನೋಟ್‌ಬುಕ್ಕು ಸಾಕು. ದಿನಾಂಕ, ಮಾಡಿದ ವ್ಯಾಯಾಮ, ಎಷ್ಟು ಕಿಲೊ, ಎಷ್ಟು ಸಲ. ಮೊದಲ ವಾರ ಬರಿಗೈಯಲ್ಲಿ 8 ಬಸ್ಕಿ ಹೊಡೆದವನು ನಾಲ್ಕನೆಯ ವಾರ 15 ಹೊಡೆದಿದ್ದರೆ ಅದು ಅವನದೇ ಅಕ್ಷರದಲ್ಲಿ ಇರುತ್ತದೆ. ಅದನ್ನು ಸುಳ್ಳೆನ್ನಲು ಕನ್ನಡಿಗೂ ಆಗದು, ಪಕ್ಕದವನಿಗೂ ಆಗದು. ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುವುದನ್ನು ಈ ಎಂಟು ವಾರ ಮುಂದೂಡಲು ಹೇಳಿ. ನೋಡುವವರು ಹೆಚ್ಚಿದಷ್ಟೂ ಹೊಸಬನ ಅಂಜಿಕೆ ಹೆಚ್ಚುತ್ತದೆ.

ಜಿಮ್ಮಿಗೆ ಶುಲ್ಕ ಕಟ್ಟುವ ಎರಡು ವಾರ ಮೊದಲೇ ಮನೆಯಲ್ಲಿ ಶುರು ಮಾಡಿಸುವುದು ನನ್ನ ಇಷ್ಟದ ದಾರಿ. ಗೋಡೆಗೆ ಕೈಯೂರಿ ದಂಡ. ಅದು ಸಲೀಸಾದ ಮೇಲೆ ಜಗಲಿಯ ಕಟ್ಟೆಗೆ ಕೈಯೂರಿ, ಆಮೇಲೆ ನೆಲಕ್ಕೆ. ಕುರ್ಚಿಯ ಮೇಲೆ ಕೂತು ಏಳುವುದು, ನಂತರ ಕುರ್ಚಿ ತೆಗೆದು ಬಸ್ಕಿ. ಇಳಿತದ ಹೊತ್ತಿನಲ್ಲಿ ಕೇಣಿಯ ದಂಡೆಯ ಗಟ್ಟಿ ಮರಳಿನ ಮೇಲೆ ಅರ್ಧ ತಾಸು ಬಿರುಸಾದ ನಡಿಗೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಷ್ಟು ಮಾಡಿ ಜಿಮ್ಮಿನ ಮೆಟ್ಟಿಲು ಹತ್ತುವ ಮಗು ಬರಿಗೈಯಲ್ಲಿ ಹೋಗುವುದಿಲ್ಲ, ತನಗೆ ಗೊತ್ತಿರುವ ಎರಡು ಮೂರು ವ್ಯಾಯಾಮ ಜತೆಗಿರುತ್ತವೆ. ಏನು ಮಾಡಬೇಕೆಂದು ತಿಳಿಯದೆ ನಡುವೆ ನಿಂತುಬಿಡುವುದೇ ಮೊದಲ ದಿನದ ದೊಡ್ಡ ಅವಮಾನ. ಗೊತ್ತಿರುವುದೊಂದು ಇದ್ದರೆ ಅದು ತಪ್ಪುತ್ತದೆ.

ಮೊದಲ ಭೇಟಿಯಲ್ಲಿ ವ್ಯಾಯಾಮವೇ ಬೇಡ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ ಸುತ್ತ ನೋಡಿ, ನೀರೆಲ್ಲಿದೆ, ಚಪ್ಪಲಿ ಎಲ್ಲಿ ಬಿಡುವುದು, ತರಬೇತುದಾರರು ಯಾರು ಎಂದು ತಿಳಿದು ಬಂದರೆ ಸಾಕು. ಸಂಜೆ ಆರರಿಂದ ಎಂಟರ ಗದ್ದಲ ಹೊಸಬರಿಗಲ್ಲ. ಮೊದಲ ಎರಡು ವಾರ ವಾರಕ್ಕೆ 2 ಅಥವಾ 3 ದಿನ, ನಡುವೆ ಒಂದು ದಿನ ಬಿಡುವು, ದಿನಕ್ಕೆ 30ರಿಂದ 40 ನಿಮಿಷ. ನಾಲ್ಕೈದು ವ್ಯಾಯಾಮ, ಪ್ರತಿಯೊಂದೂ 10ರಿಂದ 15 ಸಲ. ತೂಕ ಎಷ್ಟಿರಬೇಕು ಎಂದರೆ, ನಿಲ್ಲಿಸುವ ಹೊತ್ತಿಗೆ ಇನ್ನೂ ಎರಡು ಮೂರು ಸಲ ಆಗುತ್ತಿತ್ತು ಅನ್ನಿಸಬೇಕು. ಆ ಉಳಿಕೆಯಲ್ಲೇ ಧೈರ್ಯ ಇರುವುದು. ಪೂರ್ತಿ ಬಸವಳಿದು ಮನೆಗೆ ಬಂದ ಮಗುವಿಗೆ ನಾಳೆ ಎಂದರೆ ಹೆದರಿಕೆ. ಸ್ವಲ್ಪ ಉಳಿಸಿಕೊಂಡು ಬಂದ ಮಗು ತಾನಾಗಿಯೇ ಬೂಟು ಹುಡುಕುತ್ತದೆ. 15 ಸಲ ನೇರ ಬೆನ್ನಿನಲ್ಲಿ, ಉಸಿರು ಹಿಡಿಯದೆ ಮಾಡಲು ಬಂದ ಮೇಲೆ ತೂಕ ಸ್ವಲ್ಪ ಏರಲಿ. ಒಂದು ಕಿಲೊ, ಎರಡು ಕಿಲೊ, ಅಷ್ಟೇ.

ಇದು ತೀರಾ ನಿಧಾನವಾಯಿತು ಎನ್ನುವ ಹುಡುಗರಿಗೆ ನಾನು ನಮ್ಮದೇ ಕರಾವಳಿಯ ಗುರುರಾಜ ಪೂಜಾರಿಯವರ ಲೆಕ್ಕ ಹೇಳುತ್ತೇನೆ. ಕುಂದಾಪುರದ ಕಡೆಯ ಹಳ್ಳಿ, ತಂದೆ ವಾಹನ ಚಾಲಕರು. 2008ರಲ್ಲಿ ಸುಶೀಲ್ ಕುಮಾರ್ ಒಲಿಂಪಿಕ್ ಪದಕ ಗೆದ್ದದ್ದನ್ನು ನೋಡಿ ಕುಸ್ತಿಗಿಳಿದವರು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೊ ವಿಭಾಗದಲ್ಲಿ ಎರಡೂ ಬಗೆಯ ಎತ್ತು ಸೇರಿ 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಅಂದು ಎರಡನೇ ಬಗೆಯ ಎತ್ತಿನಲ್ಲಿ ಮೊದಲ ಎರಡು ಪ್ರಯತ್ನ ವಿಫಲವಾಗಿ, ಮೂರನೆಯದರಲ್ಲಿ 138 ಕಿಲೊ ಮೇಲೇರಿತು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೊ ವಿಭಾಗದಲ್ಲಿ 269 ಕಿಲೊ ಎತ್ತಿ ಕಂಚು ಪಡೆದರು. ನಾಲ್ಕು ವರ್ಷ, ದಿನವಿಡೀ ಅದೇ ಕೆಲಸ, ಜತೆಗೆ ನುರಿತ ತರಬೇತಿ, ಮೇಲಿನ ತೂಕದ ವಿಭಾಗ. ಏರಿದ್ದು ಒಟ್ಟು 20 ಕಿಲೊ. ನಿಮ್ಮ ಮಗ ಮುಂದಿನ ಸೋಮವಾರಕ್ಕೆ 20 ಕಿಲೊ ಏರಿಸಬೇಕಿಲ್ಲ.

ಎರಡನೆಯ ದಿನ ಮೈಕೈ ನೋವು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಹೊಸ ಶ್ರಮದ ಈ ನೋವು ಮರುದಿನ ಶುರುವಾಗಿ ಮೂರನೆಯ ದಿನದವರೆಗೂ ಇದ್ದು ತಾನಾಗಿ ಇಳಿಯುತ್ತದೆ. ಮೊದಲೇ ತಿಳಿದಿದ್ದರೆ ಮಗು ಅದನ್ನು ಕೆಲಸ ನಡೆದ ಗುರುತು ಎಂದುಕೊಳ್ಳುತ್ತದೆ. ತಿಳಿಯದಿದ್ದರೆ ಏನೋ ಮುರಿಯಿತು ಎಂದು ಹೆದರುತ್ತದೆ, ಅಮ್ಮನೂ ಹೆದರುತ್ತಾಳೆ. ಕೀಲಿನಲ್ಲಿ ಚುಚ್ಚುವ ನೋವು, ಊತ, ತಲೆಸುತ್ತು, ಎದೆನೋವು ಬಂದರೆ ಮಾತ್ರ ಆ ಕ್ಷಣವೇ ನಿಲ್ಲಿಸಬೇಕು. ಅತಿಯಾಗಿ ಮಾಡಿದ ಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತಿರುವ ಸೂಚನೆ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಹಸಿ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆದರೆ ಆರುವುದಿಲ್ಲ, ಮೈ ತಣಿಯುವುದಿಲ್ಲ. ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತೇ ಸರಿ.

"ಭಾರ ಎತ್ತಿದರೆ ಕುಳ್ಳಾಗುತ್ತಾರೆ" ಎಂಬ ಮಾತು ಊರಲ್ಲೆಲ್ಲ ಇದೆ. ಸರಿಯಾದ ಕ್ರಮದಲ್ಲಿ, ನೋಡಿಕೊಳ್ಳುವವರ ಎದುರು ಮಾಡಿದ ವ್ಯಾಯಾಮ ಎತ್ತರವನ್ನು ತಡೆಯುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2020ರ ವರದಿಯಲ್ಲಿ ಇಂಥ ವ್ಯಾಯಾಮ ಮಕ್ಕಳಿಗೆ ಸುರಕ್ಷಿತ ಎಂದಿದೆ. ಎತ್ತರವನ್ನು ನಿಜವಾಗಿ ತಡೆಯಬಲ್ಲದ್ದು ಬೇರೆ ಇದೆ. ಬೇಗ ಮೈ ಬರಲಿ ಎಂದು ಕದ್ದುಮುಚ್ಚಿ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್, ಮಾತ್ರೆಗಳು ಎಳೆಯ ಮೂಳೆಗಳ ಬೆಳೆಯುವ ತುದಿಯನ್ನು ಹೊತ್ತಿಗೆ ಮೊದಲೇ ಮುಚ್ಚಿಸುತ್ತವೆ. ಹೃದಯ, ಪಿತ್ತಜನಕಾಂಗಕ್ಕೂ ಹಾನಿ ಮಾಡುತ್ತವೆ. ಈ ಒಂದು ವಿಷಯದಲ್ಲಿ ಮಗುವಿನ ಜತೆ ನೇರವಾಗಿ ಮಾತಾಡಿ. ಬಯ್ಯುವ ದನಿ ಬೇಡ, "ಯಾರಾದರೂ ಇಂಥದ್ದು ಕೊಟ್ಟರೆ ನನಗೆ ಹೇಳು ತಮ್ಮಾ, ನಾನು ಸಿಟ್ಟಾಗುವುದಿಲ್ಲ" ಎನ್ನಿ. ಹೇಳಿದಾಗ ಸಿಟ್ಟಾಗಬೇಡಿ.

ಪೌಡರ್ ಡಬ್ಬಿಯೂ ಕೇಣಿಯ ಮನೆಗೆ ಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಮೈ ಬೆಳೆಸಲು ಪ್ರೋಟೀನ್ ಪೂರಕಗಳನ್ನು ಬಳಸಬೇಡಿ ಎಂದೇ ಹೇಳಿದೆ. ದಿನಕ್ಕೆ ದೇಹತೂಕದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಸಾಮಾನ್ಯ ವಯಸ್ಕರಿಗೆ ಸಾಕು. 55 ಕಿಲೊ ತೂಕಕ್ಕೆ ಅದು ಸುಮಾರು 46 ಗ್ರಾಂ. ಬೆಳೆಯುವ, ವ್ಯಾಯಾಮ ಮಾಡುವ ಮಗುವಿಗೆ ಇನ್ನಷ್ಟು ಬೇಕೆಂದೇ ಇಟ್ಟುಕೊಳ್ಳಿ. 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ 6, 100 ಗ್ರಾಂ ಹುರುಳಿಕಾಳಿನಲ್ಲಿ 20ಕ್ಕೂ ಹೆಚ್ಚು. ಮೀನು ತಿನ್ನದ ಮನೆಯಲ್ಲಿ ಹುರುಳಿ, ಹೆಸರು, ಶೇಂಗಾ, ಮೊಸರು ಆ ಕೆಲಸ ಮಾಡುತ್ತವೆ. ವ್ಯಾಯಾಮದ ನಂತರ ಕುಚ್ಚಲಕ್ಕಿ ಗಂಜಿ, ಜತೆಗೆ ಮೊಟ್ಟೆಯೋ ಮೀನೋ. ಇದಕ್ಕಿಂತ ಒಳ್ಳೆಯದನ್ನು ಅಂಗಡಿಯವನು ಮಾರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅವರಿಗೆ ಅಂಜಿಕೆಯ ಕಾರಣಗಳು ಹೆಚ್ಚು. ಮೈ ಗಂಡಸಿನ ಹಾಗಾಗುತ್ತದೆ ಎಂಬುದು ಸುಳ್ಳು, ಅದಕ್ಕೆ ಬೇಕಾದ ಹಾರ್ಮೋನು ಅವರ ದೇಹದಲ್ಲಿ ಅಷ್ಟು ಇರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದಷ್ಟು ಮಾಡಬಹುದು, ಒಪ್ಪದಿದ್ದರೆ ಬಿಡಬಹುದು. ಜೋರು ಸುಸ್ತು, ಏದುಸಿರು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59.1 ಮಂದಿಗೆ ರಕ್ತಹೀನತೆ ಇತ್ತು. "ನನ್ನಿಂದ ಆಗುವುದಿಲ್ಲ" ಎಂದು ಕೂತ ಎಷ್ಟೋ ಹುಡುಗಿಯರಿಗೆ ಬೇಕಾಗಿದ್ದದ್ದು ಕಬ್ಬಿಣಾಂಶ. ಒಬ್ಬಳನ್ನೇ ಕಳಿಸುವ ಬದಲು ಓರಗೆಯ ಗೆಳತಿಯ ಜತೆ ಕಳಿಸಿ. ಬಂಡೂರ ಹೇಳಿದ ಎರಡನೆಯ ಮೂಲ ಇದೇ, ತನ್ನಂಥವಳೇ ಮಾಡುವುದನ್ನು ನೋಡುವುದು. ಹೆಂಗಸರಿಗೆಂದು ಬೇರೆ ಸಮಯ ಇದೆಯೇ, ಕಲಿಸುವಾಗ ಮೈ ಮುಟ್ಟುವ ಮೊದಲು ತರಬೇತುದಾರರು ಕೇಳುತ್ತಾರೆಯೇ ಎಂದು ನೀವೇ ಹೋಗಿ ವಿಚಾರಿಸಿ. ಕೇಳದೆ ಮುಟ್ಟುವ ಜಾಗಕ್ಕೆ ಮಗಳನ್ನು ಕಳಿಸಬೇಕಿಲ್ಲ.

ಮನೆಯ ಮಾತಿನ ಬಗ್ಗೆಯೂ ಒಂದಿಷ್ಟು. ಜಿಮ್ಮಿನಿಂದ ಬಂದವನಿಗೆ "ಎಷ್ಟ್ ಕಿಲೊ ಎತ್ತಿದ್ಯೋ?" ಎಂದು ಕೇಳಬೇಡಿ. "ಇವತ್ತು ಎಂತಾ ಕಲ್ತೆ?" ಎಂದು ಕೇಳಿ. ಮೊದಲ ಪ್ರಶ್ನೆಗೆ ಸಂಖ್ಯೆ ದೊಡ್ಡದಾಗಬೇಕು ಎಂಬ ಒತ್ತಡ ಅಂಟಿಕೊಂಡಿದೆ. ಚಿಕ್ಕಪ್ಪನ ಮಗನ ಜತೆ ಹೋಲಿಸಬೇಡಿ. ದಪ್ಪ, ಸಣಕಲು ಎಂಬ ಮಾತು ತಮಾಷೆಗೂ ಬೇಡ, ನೆಂಟರ ಎದುರಂತೂ ಬೇಡವೇ ಬೇಡ. ಒಂದು ವಾರ ತಪ್ಪಿದರೆ ಸುಮ್ಮನಿರಿ. ಮರಳಿ ಹೋಗುವ ದಿನ ಹಿಂದಿನ ತೂಕಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿದರೆ ಸಾಕು, ಕಲಿತದ್ದು ಎಲ್ಲಿಗೂ ಹೋಗಿರುವುದಿಲ್ಲ.

ಮೀನುಗಾರ ಮನೆಗಳಿಗೆ ಒಂದು ಅನುಕೂಲ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅದು ಒಂಬತ್ತು ವಾರಕ್ಕೆ ಎರಡು ದಿನ ಕಡಿಮೆ. ಬೋಟಿನ ಕೆಲಸಕ್ಕೆ ಹೋಗುವ ದೊಡ್ಡ ಹುಡುಗರಿಗೆ ಮೈ ಬಿಡುವಾಗಿ, ನಿದ್ದೆ ಸರಿಯಾಗಿ, ಊಟ ಹೊತ್ತಿಗೆ ಸಿಗುವ ಕಾಲ ಅದು. ಮೊದಲ ಎಂಟು ವಾರವನ್ನು ಅಲ್ಲಿಗೆ ಹೊಂದಿಸಿಕೊಳ್ಳಬಹುದು. ಆಗಸ್ಟಿನಲ್ಲಿ ಕೆಲಸ ಶುರುವಾದ ಮೇಲೆ ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ ಗಳಿಸಿದ ಬಲ ಉಳಿಯುತ್ತದೆ.

ಕೊನೆಯದಾಗಿ, ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ಎಷ್ಟೇ ಇರಲಿ. ಹಣ ಕಟ್ಟಿಯಾಗಿದೆ ಎಂಬ ಕಾರಣಕ್ಕೆ ಮಗುವನ್ನು ನೂಕುವ ಸಂದರ್ಭ ಬರಬಾರದು. ತಿಂಗಳಿಗೊಮ್ಮೆ ಕಟ್ಟಿ. ಸೇರಿಸುವ ಮೊದಲು ನೀವೂ ಒಮ್ಮೆ ಜತೆಗೆ ಹೋಗಿ, "ಮೊದಲ ತಿಂಗಳು ನಮ್ಮ ಮಗುವಿಗೆ ಏನು ಕಲಿಸುತ್ತೀರಿ?" ಎಂದು ತರಬೇತುದಾರರನ್ನು ಕೇಳಿ. ನಿಲ್ಲುವುದು, ಬಗ್ಗುವುದು, ಉಸಿರಾಡುವುದು ಎಂದು ಉತ್ತರ ಬಂದರೆ ಧೈರ್ಯವಾಗಿ ಸೇರಿಸಿ. ತಿಂಗಳಲ್ಲಿ ಇಷ್ಟು ಇಂಚು ತೋಳು ಬರಿಸುತ್ತೇನೆ ಎಂದರೆ ಬೇರೆ ಜಿಮ್ಮು ನೋಡಿ.